ಮ್ಯಾಪ್ ತೆಗೆದಿಟ್ಟುಕೊಂಡು ಕೇಳಿದ ರ‍್ಯಾಪ್ ಆಲ್ಬಂಗಳು

ನನಗೊಂದು ಚಾಳಿ ಇದೆ. ರ‍್ಯಾಪ್ ಕೇಳುವಾಗ ಯಾವುದಾದರೂ ಬೀದಿಯ ಹೆಸರು ಕಿವಿಗೆ ಬಿತ್ತು ಅಂದರೆ ಹಾಡು ನಿಲ್ಲಿಸಿ ಫೋನಿನಲ್ಲಿ ಮ್ಯಾಪ್ ತೆಗೆಯುತ್ತೇನೆ. ನಾನು ಅಮೆರಿಕಕ್ಕೆ ಕಾಲಿಟ್ಟವನಲ್ಲ, ಇಡುವ ಯೋಗವೂ ಸದ್ಯಕ್ಕೆ ಕಾಣುತ್ತಿಲ್ಲ. ಆದರೂ ಡೆಟ್ರಾಯ್ಟ್‌ನಲ್ಲಿ ಸಿಕ್ಸ್ ಮೈಲ್ ರಸ್ತೆಗೇ ಮೆಕ್‌ನಿಕಲ್ಸ್ ಅಂತ ಇನ್ನೊಂದು ಹೆಸರಿದೆ ಅಂತಲೂ, ಹ್ಯೂಸ್ಟನ್‌ನ ಪಶ್ಚಿಮಕ್ಕೆ ಡೈರಿ ಆಶ್‌ಫರ್ಡ್ ಅನ್ನುವ ರಸ್ತೆ ಉದ್ದಕ್ಕೆ ಗೀಟು ಎಳೆದ ಹಾಗೆ ಹೋಗುತ್ತದೆ ಅಂತಲೂ ಕಣ್ಣುಮುಚ್ಚಿ ಹೇಳಬಲ್ಲೆ. ಎಲ್ಲ ಹಾಡು ಕಲಿಸಿದ ಭೂಗೋಳ.

ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿದ ಆಲ್ಬಂಗಳನ್ನು ಲೆಕ್ಕ ಹಾಕಿದರೆ ಜಾಸ್ತಿ ಪಾಲು ಹೀಗೆ ಮ್ಯಾಪ್ ತೆಗೆಸಿದವೇ. ಅವುಗಳ ಬಗ್ಗೆಯೇ ಬರೆಯೋಣ ಅನಿಸಿತು. ನನ್ನ ಅಳತೆಗೋಲು ಸರಳ. ಆಲ್ಬಂ ಅನ್ನು ಎತ್ತಿ ಬೇರೆ ಊರಿನಲ್ಲಿಟ್ಟರೆ ಹಾಗೇ ಉಳಿಯುತ್ತದಾ? ಉಳಿದರೆ ಅದು ಒಳ್ಳೇ ಆಲ್ಬಂ ಇರಬಹುದು, ಈ ಪಟ್ಟಿಗೆ ಬೇಡ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಧಾರವಾಡದವರು ಎರಡು ಮಾತಾಡಿದರೆ ಸಾಕು ಊರು ಗೊತ್ತಾಗುತ್ತದಲ್ಲ, ಅಮೆರಿಕದ ರ‍್ಯಾಪ್‌ನಲ್ಲೂ ಹಾಗೇ. ಮೆಂಫಿಸ್ ಬೇರೆ, ಹ್ಯೂಸ್ಟನ್ ಬೇರೆ, ಡೆಟ್ರಾಯ್ಟ್ ಬೇರೆ. ಮಾತಿನ ಧಾಟಿ ಮಾತ್ರ ಅಲ್ಲ, ಬೀಟಿನ ವೇಗ, ಬೇಸಿನ ಗಾತ್ರ, ಜೋಕು ಮಾಡುವ ರೀತಿ, ಎಲ್ಲ ಬೇರೆ. ತುಂಬಾ ವರ್ಷ ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್‌ನವರು ಮಾತ್ರ ದೊಡ್ಡವರು, ಉಳಿದವರು ಹಳ್ಳಿಗರು ಅನ್ನುವ ಲೆಕ್ಕ ಇತ್ತು. 1995ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ‘ದಿ ಸೋರ್ಸ್’ ಅನ್ನುವ ಹಿಪ್‌ಹಾಪ್ ಪತ್ರಿಕೆಯ ಪ್ರಶಸ್ತಿ ಸಮಾರಂಭದಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಗೆ ಪ್ರಶಸ್ತಿ ಬಂದಾಗ ಸಭೆಯೇ ‘ಬೂ’ ಅಂತ ಕೂಗಿತ್ತು. ದಕ್ಷಿಣದವರಿಗೂ ಹೇಳೋದಿದೆ ಅಂತ ಆ ಜೋಡಿಯ ಆಂಡ್ರೆ 3000 ಅಲ್ಲೇ ಮೈಕ್‌ನಲ್ಲಿ ಹೇಳಿ ಇಳಿದ. ಆಮೇಲೆ ಆಗಿದ್ದು ನಿಮಗೇ ಗೊತ್ತು, ದಕ್ಷಿಣವೇ ಎಲ್ಲವನ್ನೂ ನುಂಗಿತು.

ನನ್ನ ಪಟ್ಟಿಯಲ್ಲಿ ಮೊದಲನೆಯದು, ಯಾರು ಕೇಳಿದರೂ ಮೊದಲು ಹೇಳುವುದು, 2020ರಲ್ಲಿ ಬಂದ ‘ಮೇಂಜರ್ ಆನ್ ಮೆಕ್‌ನಿಕಲ್ಸ್’. ರ‍್ಯಾಪರ್ ಬೋಲ್ಡಿ ಜೇಮ್ಸ್, ಸಂಗೀತ ಸ್ಟರ್ಲಿಂಗ್ ಟೋಲ್ಸ್, ಇಬ್ಬರೂ ಡೆಟ್ರಾಯ್ಟ್‌ನವರು. ಮೇಂಜರ್ ಅಂದರೆ ಗೋದಲಿ, ಯೇಸು ಹುಟ್ಟಿದ ಜಾಗ. ಮೆಕ್‌ನಿಕಲ್ಸ್ ಅಂದರೆ ಆಗಲೇ ಹೇಳಿದ ಆ ಸಿಕ್ಸ್ ಮೈಲ್ ರಸ್ತೆ. ಏಯ್ಟ್ ಮೈಲ್ ಗೊತ್ತಿರುವವರು ಬಹಳ ಜನ ಇದ್ದಾರೆ, ಅದರ ಹೆಸರಲ್ಲಿ ಸಿನಿಮಾನೇ ಬಂತು. ಸಿಕ್ಸ್ ಮೈಲ್ ಅನ್ನು ಯಾರು ಕೇಳುತ್ತಾರೆ?

ಈ ಆಲ್ಬಂ ಕೆಲಸ ಶುರುವಾದದ್ದು 2007ರಲ್ಲಿ. ಬೋಲ್ಡಿ ಆಗಿನ್ನೂ ಹುಡುಗ, ಹೊರಗೆ ಯಾರಿಗೂ ಗೊತ್ತಿಲ್ಲದವನು. ಅವನು ಹಾಡಿಟ್ಟು ಹೋದದ್ದನ್ನು ಟೋಲ್ಸ್ ವರ್ಷಗಟ್ಟಲೆ ತನ್ನ ಹತ್ತಿರ ಇಟ್ಟುಕೊಂಡು, ಊರಿನ ವಾದ್ಯಗಾರರನ್ನು ಕರೆಸಿ, ಅದರ ಸುತ್ತ ಜಾಝ್ ಕಟ್ಟುತ್ತಾ ಹೋದ. ಹೊರಬರುವಾಗ ಹದಿಮೂರು ವರ್ಷ ಆಗಿತ್ತು. ಹೀಗಾಗಿ ಕೇಳುವಾಗ ಒಂದು ವಿಚಿತ್ರ ಅನುಭವ ಆಗುತ್ತದೆ. ಧ್ವನಿ ಇಪ್ಪತ್ತರ ಹರೆಯದ್ದು, ಸಂಗೀತ ಮಾತ್ರ ಅವನ ಮುಂದಿನ ಕತೆ ಎಲ್ಲ ಗೊತ್ತಿರುವ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ನುಡಿಸಿದಂತೆ.

ಇದರಲ್ಲಿ ‘ಮಾಮ್ಮಿ ಡಿಯರೆಸ್ಟ್’ ಅಂತ ಒಂದು ಹಾಡಿದೆ. ತಾಯಿಯ ಬಗ್ಗೆ. ತಾಯಿ ಅಂದ ಕೂಡಲೇ ರ‍್ಯಾಪ್‌ನಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಕಷ್ಟಪಟ್ಟು ಸಾಕಿದಳು, ಈಗ ನಾನು ಮನೆ ಕಟ್ಟಿಸಿಕೊಟ್ಟೆ. ಇದು ಅಂಥದ್ದಲ್ಲ. ಗಾಯವನ್ನು ಗಾಯ ಅಂತಲೇ ಹೇಳುವ ಹಾಡು. ಬೋಲ್ಡಿಯ ಧಾಟಿ ಗೊತ್ತಲ್ಲ, ಏರಿಲ್ಲ ಇಳಿವಿಲ್ಲ, ಬಸ್ ಟೈಂ ಹೇಳಿದ ಹಾಗೆ ಎಲ್ಲವನ್ನೂ ಹೇಳಿಬಿಡುತ್ತಾನೆ. ಮೊದಲ ಸಲ ಕೇಳಿದಾಗ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ. ಅರ್ಧಕ್ಕೆ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಹಿಂದಕ್ಕೆ ಎಳೆದು ಮತ್ತೆ ಮೊದಲಿಂದ ಹಾಕಿದೆ. ಅತ್ತಿದ್ದರೂ ಇಷ್ಟು ನಾಟುತ್ತಿರಲಿಲ್ಲವೇನೋ.

ಅದೇ ವರ್ಷ ಅವನದ್ದು ದಿ ಆಲ್ಕೆಮಿಸ್ಟ್ ಅನ್ನುವ ಬೀಟ್ ಮಾಡುವವನ ಜೊತೆ ‘ದಿ ಪ್ರೈಸ್ ಆಫ್ ಟೀ ಇನ್ ಚೈನಾ’ ಕೂಡ ಬಂತು, ಅದನ್ನು ಹೊಗಳುವವರೇ ಹೆಚ್ಚು. ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಊರಿನ ವಾಸನೆ ಬೇಕು ಅಂದರೆ ಗೋದಲಿಯೇ.

ಒಂದು ಮಾತು ಸೇರಿಸಬೇಕು. ಈಗಿನ ಡೆಟ್ರಾಯ್ಟ್ ಅಂದರೆ ಎಲ್ಲರೂ ಬೋಲ್ಡಿಯಂತೆ ಅಂದುಕೊಂಡರೆ ತಪ್ಪು. ಅಲ್ಲಿನ ಹುಡುಗರ ಬೀಟ್ ಓಡುತ್ತದೆ, ಪಿಯಾನೊದ ತಗ್ಗಿನ ಸ್ವರಗಳು ಕುಟ್ಟುತ್ತಿರುತ್ತವೆ, ಹಾಡುವವನು ತಾಳಕ್ಕಿಂತ ಅರ್ಧ ಹೆಜ್ಜೆ ಮುಂದೆಯೇ ಇರುತ್ತಾನೆ, ಬಸ್ ತಪ್ಪಿಹೋಗುತ್ತದೆ ಅನ್ನುವ ಅವಸರ. ಪಕ್ಕದ ಫ್ಲಿಂಟ್ ಊರಿನ ರಿಯೊ ಡ ಯಂಗ್ ಓಜಿ ಹಾಡುಗಳನ್ನು ಕೇಳಿ. ಎರಡು ಸಾಲಿಗೊಂದು ಕ್ರೂರವಾದ ಜೋಕು. 2014ರಿಂದ ಸೀಸ ಬೆರೆತ ನೀರು ಕುಡಿದ ಊರದು. ಅಲ್ಲಿಂದ ಬಂದ ನಗು ಹೀಗಲ್ಲದೆ ಹೇಗಿರಬೇಕು.

ಎರಡನೆಯದು ಹ್ಯೂಸ್ಟನ್. ಮ್ಯಾಕ್ಸೊ ಕ್ರೀಮ್‌ನ ‘ಬ್ರ್ಯಾಂಡನ್ ಬ್ಯಾಂಕ್ಸ್’, 2019. ಬ್ರ್ಯಾಂಡನ್ ಬ್ಯಾಂಕ್ಸ್ ಯಾರು ಅಂದರೆ ಅವನ ಅಪ್ಪ. ನೈಜೀರಿಯಾದಿಂದ ಬಂದ ಅಪ್ಪ ತನ್ನ ಅಡ್ಡದಾರಿ ವ್ಯವಹಾರಗಳಿಗೆ ಇಟ್ಟುಕೊಂಡಿದ್ದ ಸುಳ್ಳು ಹೆಸರು ಅದು. ಅಪ್ಪನ ಸುಳ್ಳು ಹೆಸರನ್ನು ಆಲ್ಬಂಗೆ ಇಡುವ ಮಗನ ಮನಸ್ಸಿನಲ್ಲಿ ಸಿಟ್ಟಿದೆಯಾ ಹೆಮ್ಮೆ ಇದೆಯಾ ಅಂತ ಕೊನೆಯವರೆಗೂ ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಿಲ್ಲ ಅನ್ನುವುದೇ ಇದರ ಚಂದ.

ಹಾಡುಗಳ ಹೆಸರು ನೋಡಿ: ‘ಬಿಸೊನೆಟ್’, ‘ಸ್ಪೈಸ್ ಲೇನ್’, ‘ಡೈರಿ ಆಶ್‌ಫರ್ಡ್ ಬಾಸ್ಟರ್ಡ್’. ಮೂರೂ ರಸ್ತೆಗಳ ಹೆಸರು. ಆಲೀಫ್ ಅನ್ನುವ ಪ್ರದೇಶ, ವಿಯೆಟ್ನಾಂನವರು, ನೈಜೀರಿಯಾದವರು, ಲ್ಯಾಟಿನ್ ಅಮೆರಿಕದವರು ಎಲ್ಲ ಒಟ್ಟಿಗೆ ಬದುಕುವ ಜಾಗ. ಮ್ಯಾಪ್‌ನಲ್ಲಿ ಫೋಟೊ ನೋಡುತ್ತಾ ಹೋದರೆ ಅಂಗಡಿ ಬೋರ್ಡುಗಳ ಮೇಲೆ ಬೇರೆ ಬೇರೆ ಲಿಪಿ. ಆಲ್ಬಂ ಶುರುವಾಗುವ ‘ಮೀಟ್ ಅಗೇನ್’ ಜೈಲಿನಲ್ಲಿರುವ ಗೆಳೆಯನಿಗೆ ಬರೆದ ಕಾಗದ. ಯಾರು ಸತ್ತರು, ಯಾರು ಒಳಗೆ ಹೋದರು, ಮನೆಯಲ್ಲಿ ಏನಾಯ್ತು ಅಂತ ಊರ ಸುದ್ದಿ ಒಪ್ಪಿಸುತ್ತಾ ಹೋಗುತ್ತಾನೆ. ನಮ್ಮಲ್ಲಿ ಹಿಂದೆ ಇನ್‌ಲ್ಯಾಂಡ್ ಲೆಟರಿನ ಮೂಲೆಯಲ್ಲೆಲ್ಲ ಜಾಗ ಬಿಡದೆ ಬರೆಯುತ್ತಿದ್ದರಲ್ಲ, ಅದೇ ಥರ ಒತ್ತೊತ್ತಾಗಿ. ಉಸಿರು ತೆಗೆದುಕೊಳ್ಳುವುದೂ ಕಾಣುವುದಿಲ್ಲ.

ಹ್ಯೂಸ್ಟನ್ ಅಂದರೆ ಡಿಜೆ ಸ್ಕ್ರೂ, ಎಲ್ಲ ಹಾಡುಗಳನ್ನೂ ನಿಧಾನ ಮಾಡಿ, ಕತ್ತರಿಸಿ ಜೋಡಿಸಿ ಕ್ಯಾಸೆಟ್ ಮಾಡುತ್ತಿದ್ದ ಮಹಾನುಭಾವ, 2000ದಲ್ಲಿ ತೀರಿಕೊಂಡ. ಆ ನಿಧಾನವನ್ನು ಈಗ ಎಲ್ಲ ಊರಿನವರೂ ಬಳಸುತ್ತಾರೆ. ನ್ಯೂಯಾರ್ಕ್‌ನ ಎಸ್ಯಾಪ್ ರಾಕಿ ಹೆಸರು ಮಾಡಿದ್ದೇ ಹ್ಯೂಸ್ಟನ್ ಧಾಟಿ ಎರವಲು ಪಡೆದು. ಮ್ಯಾಕ್ಸೊ ಅದನ್ನು ಜಾಸ್ತಿ ಮುಟ್ಟುವುದೇ ಇಲ್ಲ. ನಿಧಾನದ ಬೀಟ್ ಇಲ್ಲದೆಯೂ ಹ್ಯೂಸ್ಟನ್‌ನವನೇ ಅನಿಸುವುದಕ್ಕೆ ಕಾರಣ ಅವನ ಭಾರದ ದನಿ ಮತ್ತು ಆ ವಿಳಾಸಗಳು. ಕೊರತೆ ಅಂದರೆ ನಡುವಿನಲ್ಲಿ ಬರುವ ದೊಡ್ಡ ಹೆಸರಿನ ಅತಿಥಿಗಳು. ಟ್ರಾವಿಸ್ ಸ್ಕಾಟ್ ಬರುವ ಹಾಡನ್ನು ನಾನು ಈಗ ಬಿಟ್ಟೇ ಮುಂದೆ ಹೋಗುತ್ತೇನೆ.

ಮುಂದೆ ಎಲ್ಲರೂ ಕೇಳಿರುವ ಆಲ್ಬಂ, ಕೆಂಡ್ರಿಕ್ ಲಮಾರ್‌ನ ‘ಜಿಎನ್‌ಎಕ್ಸ್’. 2024ರ ನವೆಂಬರ್ 22ರಂದು ಯಾವ ಸುಳಿವೂ ಕೊಡದೆ ಬಿಟ್ಟ. 12 ಹಾಡು, 44 ನಿಮಿಷ. ಇಷ್ಟು ದೊಡ್ಡ ಹೆಸರಿನವನ ಆಲ್ಬಂ ಪ್ರಾದೇಶಿಕ ಹೇಗಾಗುತ್ತದೆ ಅಂತ ಕೇಳುವವರಿದ್ದಾರೆ. ಕೇಳಿ ನೋಡಿ ಸ್ವಾಮಿ, ಇದರಲ್ಲಿ ಅತಿಥಿಗಳಾಗಿ ಬಂದವರಲ್ಲಿ ಅರ್ಧಕ್ಕರ್ಧ ಜನ ಲಾಸ್ ಏಂಜಲಿಸ್ ಬಿಟ್ಟು ಆಚೆ ಯಾರಿಗೂ ಗೊತ್ತಿಲ್ಲದವರು. ಡೋಡಿ6, ಎಜ಼ಿಚೈಕ್, ಪೇಸೊ, ಹಿಟ್ಟಾ ಜೆ3, ಯಂಗ್‌ಥ್ರೆಟ್. ‘ಡಾಜರ್ ಬ್ಲೂ’ ಹಾಡಿನಲ್ಲಿ, 10ನೇ ನಂಬರಿನ ಹೆದ್ದಾರಿ ದಾಟಿ ಈಚೆಗೆ ಬರದವರು ನಮ್ಮೂರನ್ನು ಬೈಯಬೇಡಿ ಅನ್ನುತ್ತಾನೆ. ಮ್ಯಾಪ್ ತೆಗೆದೆ. ಆ ಹೆದ್ದಾರಿಯ ದಕ್ಷಿಣಕ್ಕೇ ಅವನು ಬೆಳೆದ ಕಾಂಪ್ಟನ್ ಇರುವುದು. ಪ್ರವಾಸಿಗರು ನೋಡುವ ಹಾಲಿವುಡ್ ಎಲ್ಲ ಉತ್ತರಕ್ಕೆ. ಒಂದು ಸಾಲಿನಲ್ಲಿ ಊರನ್ನು ಎರಡು ಹೋಳು ಮಾಡಿ ತೋರಿಸಿಬಿಟ್ಟ.

ಇದನ್ನು ಕೇಳಿದ ಮೊದಲ ದಿನ ನನಗೊಂದು ಎಡವಟ್ಟಾಯ್ತು. ನಾನು ಬಳಸುವ ಆ್ಯಪ್ ದುಡ್ಡು ಕೊಡದವರಿಗೆ ಹಾಡುಗಳನ್ನು ಕಲಸಿ ಹಾಕುತ್ತದೆ, ನಡುವೆ ಜಾಹೀರಾತು ಬೇರೆ. ಆಲ್ಬಂನಲ್ಲಿ ಡೈರಾ ಬರೇರಾ ಅನ್ನುವ ಮರಿಯಾಚಿ (ಮೆಕ್ಸಿಕೊದ ಜನಪದ ಸಂಗೀತ) ಗಾಯಕಿಯ ದನಿ ಮೂರು ಕಡೆ ಬರುತ್ತದೆ, ಸ್ಪ್ಯಾನಿಷ್‌ನಲ್ಲಿ. ಶುರುವಿಗೆ, ಆರನೇ ಹಾಡಿಗೆ, ಕೊನೆಗೆ. ಬಾಗಿಲು, ನಡುಮನೆ, ಹಿತ್ತಿಲು ಅಂದುಕೊಳ್ಳಿ. ನನಗೆ ಮೊದಲು ಹಿತ್ತಿಲು, ಆಮೇಲೆ ಶಾಂಪೂ ಜಾಹೀರಾತು, ಆಮೇಲೆ ನಡುಮನೆ. ಏನೋ ಈ ಹೆಂಗಸು ಸುಮ್ನೆ ಬಂದು ಬಂದು ಹೋಗ್ತಾಳಲ್ಲ ಅನಿಸಿತ್ತು. ಎರಡು ದಿನ ಬಿಟ್ಟು ಸರಿಯಾದ ಸಾಲಿನಲ್ಲಿ ಕೇಳಿದಾಗಲೇ ಅರ್ಥವಾದದ್ದು, ಅರ್ಧ ಊರು ಸ್ಪ್ಯಾನಿಷ್ ಮಾತಾಡುವಾಗ ಆ ದನಿ ಇಲ್ಲದೆ ಲಾಸ್ ಏಂಜಲಿಸ್ ಆಲ್ಬಂ ಶುರುವಾಗುವುದಾದರೂ ಹೇಗೆ.

‘ಟಿವಿ ಆಫ್’ ಹಾಡಿನ ಮಧ್ಯೆ ಬೀಟ್ ಬದಲಾಗುವಾಗ ಪ್ರೊಡ್ಯೂಸರ್ ಮಸ್ಟರ್ಡ್‌ನ ಹೆಸರನ್ನು ಕೆಂಡ್ರಿಕ್ ಎಳೆದು ಕಿರುಚುತ್ತಾನೆ. ಮನೆಯಲ್ಲಿ ಸಾಸಿವೆ ಡಬ್ಬಿ ತೆಗೆದಾಗಲೆಲ್ಲ ನನಗೆ ಈಗ ಅದೇ ಕೇಳಿಸುತ್ತದೆ, ಏನು ಮಾಡೋದು. ನನ್ನ ತಕರಾರು ಒಂದೇ. ಆ ಊರ ಹುಡುಗರಿಗೆ ಕೊಟ್ಟಿರುವ ಜಾಗ ತೀರಾ ಕಮ್ಮಿ. ಕೆಲವರಿಗೆ ನಾಲ್ಕು ಸಾಲು. ಮದುವೆಮನೆಗೆ ಕರೆದು ಬಾಗಿಲಲ್ಲೇ ಪಾನಕ ಕೊಟ್ಟು ಕಳಿಸಿದ ಹಾಗೆ. ಆಲ್ಬಂನ ಹೆಸರನ್ನೇ ಹಾಡಿಗೂ ಇಟ್ಟ ‘ಜಿಎನ್‌ಎಕ್ಸ್’ ಒಂದರಲ್ಲಿ ಮೂವರಿಗೆ ಸ್ವಲ್ಪ ಕಾಲು ಚಾಚಲು ಸಿಕ್ಕಿದೆ, ನನಗೆ ಆಲ್ಬಂನಲ್ಲಿ ಅದೇ ಇಷ್ಟ. ಈ ಮಾತಿಗೆ ಬೈಯುವವರು ಬೈಯಬಹುದು. ಅಂದಹಾಗೆ ಜಿಎನ್‌ಎಕ್ಸ್ ಅಂದರೆ 1987ರ ಬ್ಯೂಯಿಕ್ ಕಾರು, ಮಾಡಿದ್ದೇ 547. ಕೆಂಡ್ರಿಕ್ ಹುಟ್ಟಿದ್ದೂ ಅದೇ ವರ್ಷ.

ಹತ್ತಿರದಲ್ಲೇ ಲಾಂಗ್ ಬೀಚ್. ಅಲ್ಲಿನ ವಿನ್ಸ್ ಸ್ಟೇಪಲ್ಸ್ 2022ರಲ್ಲಿ ‘ರಮೋನಾ ಪಾರ್ಕ್ ಬ್ರೋಕ್ ಮೈ ಹಾರ್ಟ್’ ತಂದ. ರಮೋನಾ ಪಾರ್ಕ್ ಅವನು ಬೆಳೆದ ಕೇರಿ. ಬೀಟುಗಳೆಲ್ಲ ಬಿಸಿಲು, ಕಡಲತೀರ, ಮಾತು ಮಾತ್ರ ಹೆಣ ಎಣಿಸುತ್ತಿರುತ್ತದೆ. ‘ವೆನ್ ಸ್ಪಾರ್ಕ್ಸ್ ಫ್ಲೈ’ ಕೇಳಿ. ಹುಡುಗಿಯ ಪ್ರೇಮಗೀತೆ ಅಂದುಕೊಂಡು ಎರಡು ಸಲ ಗುನುಗಿದ್ದೆ. ಮೂರನೇ ಸಲಕ್ಕೆ ಗೊತ್ತಾಯ್ತು, ಮಾತಾಡುತ್ತಿರುವುದು ಹುಡುಗಿ ಅಲ್ಲ, ಅವನ ಸೊಂಟದಲ್ಲಿರುವ ಪಿಸ್ತೂಲು.

ಮೆಂಫಿಸ್‌ಗೆ ಬರೋಣ. ಅಲ್ಲಿ ತೊಂಬತ್ತರ ದಶಕದಲ್ಲಿ ಹುಡುಗರು ಮನೆಯಲ್ಲೇ ರೆಕಾರ್ಡ್ ಮಾಡಿ ಕ್ಯಾಸೆಟ್ ಮಾರುತ್ತಿದ್ದರು. ಕತ್ತಲೆ ಸಂಗೀತ, ಕೊರಕೊರ ಸದ್ದು, ಒಂದು ತಾಳಕ್ಕೆ ಮೂರು ಮೂರು ಪದ ತುರುಕುವ ಓಟ. ಥ್ರೀ ಸಿಕ್ಸ್ ಮಾಫಿಯಾ ಅಲ್ಲಿಂದಲೇ ಹೊರಟು 2006ರಲ್ಲಿ ಆಸ್ಕರ್ ತಗೊಂಡಿತು. ಈಗ ಇಡೀ ಜಗತ್ತು ರ‍್ಯಾಪ್ ಮಾಡುವುದೇ ಆ ಓಟದಲ್ಲಿ, ಆದರೆ ಮೆಂಫಿಸ್‌ನವರ ಬಾಯಲ್ಲಿ ಬಂದಾಗಿನ ಗತ್ತೇ ಬೇರೆ. ಗ್ಲೋರಿಲಾ 2024ರಲ್ಲಿ ತಂದ ‘ಗ್ಲೋರಿಯಸ್’ ಅದಕ್ಕೆ ಸಾಕ್ಷಿ. ದಪ್ಪ ದನಿ, ತಮಟೆಗೆ ಹೊಡೆದ ಹಾಗೆ ಬೀಳುವ ಪದಗಳು. ಬಾಯಿ ತುಂಬಾ ಬೈಗುಳ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ ಅಂತ ಈಗಲೇ ಹೇಳಿಬಿಡುತ್ತೇನೆ. ಅದರ ಮಧ್ಯೆ ದಿಢೀರಂತ ಚರ್ಚ್ ಸಂಗೀತದ ಕರ್ಕ್ ಫ್ರಾಂಕ್ಲಿನ್ ಮತ್ತು ಸಂಗಡಿಗರ ಜೊತೆ ‘ರೇನ್ ಡೌನ್ ಆನ್ ಮಿ’ ಅನ್ನುವ ಭಜನೆ. ಇದೇನಪ್ಪ, ಪಾಪ ತೊಳೆಯುವ ಕೋಟಾ ಅಂತ ಮೊದಲು ನಕ್ಕಿದ್ದೆ. ಆಮೇಲೆ ನೋಡಿದರೆ ಅವಳ ಅಪ್ಪ ಅಮ್ಮ ಇಟ್ಟ ಹೆಸರೇ ಗ್ಲೋರಿಯಾ ಹಲ್ಲೆಲೂಯ ವುಡ್ಸ್. ಚರ್ಚಿನಲ್ಲಿ ಹಾಡಿಕೊಂಡೇ ಬೆಳೆದವಳು. ಶನಿವಾರ ರಾತ್ರಿ ಮತ್ತು ಭಾನುವಾರ ಬೆಳಿಗ್ಗೆ ಒಂದೇ ಆಲ್ಬಂನಲ್ಲಿ ಇರುವುದು ಆ ಊರಿಗೆ ಹೊಸದೇನಲ್ಲ. ಆದರೂ ಆಲ್ಬಂ ಆಗಿ ಇದು ಮೊದಲೆರಡರ ಮಟ್ಟಕ್ಕೆ ಬರುವುದಿಲ್ಲ, ಐದಾರು ಹಾಡು ಬೆಂಕಿ, ಉಳಿದದ್ದು ಹೊಗೆ.

ಮನಸ್ಸು ಕೆಟ್ಟಾಗ ನಾನು ಹಾಕುವುದು ಲ್ಯಾರಿ ಜೂನ್ ಮತ್ತು ದಿ ಆಲ್ಕೆಮಿಸ್ಟ್‌ರ ‘ದಿ ಗ್ರೇಟ್ ಎಸ್ಕೇಪ್’, 2023. ಲ್ಯಾರಿ ಸ್ಯಾನ್ ಫ್ರಾನ್ಸಿಸ್ಕೊದವನು. ಇವನಷ್ಟು ಒಳ್ಳೇ ಅಭ್ಯಾಸಗಳ ರ‍್ಯಾಪರ್ ಇನ್ನೊಬ್ಬನಿಲ್ಲ. ಬೆಳಿಗ್ಗೆ ಬೇಗ ಏಳುತ್ತಾನೆ, ಕಿತ್ತಳೆ ರಸ ಕುಡಿಯುತ್ತಾನೆ, ಸೈಕಲ್ ತುಳಿಯುತ್ತಾನೆ, ಜಾಗ ಕೊಳ್ಳುತ್ತಾನೆ. ಎಲ್ಐಸಿ ಏಜೆಂಟರ ಹಾಗೆ ಬುದ್ಧಿ ಹೇಳುತ್ತಾನೆ, ಆದರೆ ಎಷ್ಟು ಹಾಯಾಗಿ ಹೇಳುತ್ತಾನೆ ಅಂದರೆ ಕೇಳಿಸಿಕೊಂಡೇ ಇರಬೇಕು ಅನಿಸುತ್ತದೆ. ‘89 ಅರ್ತ್‌ಕ್ವೇಕ್’ ಅಂತ ಒಂದು ಹಾಡಿದೆ. 1989ರ ಅಕ್ಟೋಬರ್ 17ರಂದು ಅಲ್ಲಿ ಭೂಕಂಪ ಆಯ್ತು. ಆ ಸಂಜೆ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಪಕ್ಕದ ಓಕ್ಲೆಂಡ್ ತಂಡಗಳೇ ಬೇಸ್‌ಬಾಲ್ ಫೈನಲ್ ಸರಣಿಯ ಒಂದು ಪಂದ್ಯ ಆಡಬೇಕಿತ್ತು. ಆ ಊರಿನವರಿಗೆ ವರ್ಷದ ಸಂಖ್ಯೆ ಹೇಳಿದರೆ ಸಾಕು. ನಮಗೆ ಮಾತ್ರ ವಿವರಣೆ ಬೇಕು. ಇಂಥ ಕಡೆಯೇ ನನ್ನ ಮ್ಯಾಪ್ ಚಾಳಿಗೆ ಮಜಾ ಸಿಗುವುದು.

ಬಫಲೊದ ವೆಸ್ಟ್‌ಸೈಡ್ ಗನ್ 2020ರಲ್ಲಿ ತಂದ ‘ಪ್ರೇ ಫಾರ್ ಪ್ಯಾರಿಸ್’ ಬಗ್ಗೆ ಎರಡು ಮನಸ್ಸು. ಸಂಗೀತ ಒಂದನೇ ದರ್ಜೆ, ಕವರ್‌ಗೆ ಫ್ಯಾಷನ್ ಡಿಸೈನರ್ ವರ್ಜಿಲ್ ಅಬ್ಲೋ, ಇಟಲಿಯ ಹಳೇ ಚಿತ್ರಕಾರ ಕರವಾಜಿಯೊನ ಚಿತ್ರಕ್ಕೇ ಚಿನ್ನದ ಸರ ಹಾಕಿಸಿಬಿಟ್ಟಿದ್ದಾನೆ. ಆದರೆ ಆಲ್ಬಂನ ತಲೆ ಪೂರ್ತಿ ಪ್ಯಾರಿಸ್‌ನ ಫ್ಯಾಷನ್ ಶೋನಲ್ಲಿದೆ, ಬಫಲೊದ ಹಿಮ ಎಲ್ಲೋ ಕಾಲಡಿಯಲ್ಲಿ. ಆ ಊರು ಬೇಕು ಅಂದರೆ ಅವನ ಅಣ್ಣ ಕಾನ್‌ವೇ ದಿ ಮಷೀನ್ ಹಾಡಿದ್ದನ್ನು ಹುಡುಕಿ. 2012ರಲ್ಲಿ ಗುಂಡೇಟು ಬಿದ್ದು ಮುಖದ ಒಂದು ಪಾಲು ಸ್ವಾಧೀನ ತಪ್ಪಿತು, ಆಮೇಲಿನ ಹಾಡುಗಳಲ್ಲೆಲ್ಲ ಪದಗಳು ಬಾಯಿಯ ಒಂದು ಮೂಲೆಯಿಂದ ಜಾರಿಕೊಂಡು ಬರುತ್ತವೆ.

ಬ್ರೂಕ್ಲಿನ್‌ನ ಪಾಪ್ ಸ್ಮೋಕ್ ನನ್ನ ಅಳತೆಗೋಲನ್ನೇ ಮುರಿದವನು. 2019ರ ‘ಮೀಟ್ ದ ವೂ’ ಕೇಳಿದರೆ ಇದಕ್ಕಿಂತ ಬ್ರೂಕ್ಲಿನ್ ಇನ್ನೊಂದಿಲ್ಲ ಅನಿಸುತ್ತದೆ. ಆದರೆ ಡ್ರಿಲ್ ಅನ್ನುವ ಈ ಧಾಟಿ ಹುಟ್ಟಿದ್ದು ಚಿಕಾಗೊದಲ್ಲಿ, ಬೇಸ್ ಹೀಗೆ ಜಾರುವುದನ್ನು ಕಲಿತದ್ದು ಲಂಡನ್‌ನಲ್ಲಿ, ಬೀಟ್ ಮಾಡಿದ 808ಮೆಲೊ ಕೂಡ ಲಂಡನ್‌ನವನೇ. ಎರಡು ಊರು ಸುತ್ತಿ ಬಂದ ಸಾಮಾನು ಅವನ ಆ ಗುಡುಗುವ ಗಂಟಲು ಸೇರಿದ ಕೂಡಲೇ ಬ್ರೂಕ್ಲಿನ್‌ನ ಕೆನಾರ್ಸಿ ಕೇರಿಯದ್ದಾಯ್ತು. 2020ರ ಫೆಬ್ರವರಿಯಲ್ಲಿ ಅವನನ್ನು ಕೊಂದರು, 20 ವರ್ಷ ವಯಸ್ಸು. ಆಮೇಲೆ ಕಂಪನಿಯವರು ಹೊರತಂದ ಆಲ್ಬಂ ಎಲ್ಲರಿಗೂ ಇಷ್ಟವಾಗಲಿ ಅಂತ ಮಾಡಿದ್ದು, ಹಾಗಾಗಿ ನನಗೆ ಅಷ್ಟಕ್ಕಷ್ಟೇ.

ಫ್ಲಾರಿಡಾದ ಟ್ಯಾಂಪಾದಿಂದ ಬಂದ ಡೋಚಿಯ ‘ಅಲಿಗೇಟರ್ ಬೈಟ್ಸ್ ನೆವರ್ ಹೀಲ್’ ಬಗ್ಗೆ ನಾನು ಜಾಸ್ತಿ ಹೇಳುವ ಅಗತ್ಯವೇ ಇಲ್ಲ, 2025ರಲ್ಲಿ ಗ್ರ್ಯಾಮಿಯೇ ಬಂತು. ಜೌಗು, ಮೊಸಳೆ, ತಮಾಷೆ, ಎಲ್ಲ ಇದೆ. ‘ಡಿನಯಲ್ ಈಸ್ ಎ ರಿವರ್’ ಹಾಡಿನಲ್ಲಿ ತನ್ನ ಜೊತೆ ತಾನೇ ಹರಟೆ ಹೊಡೆಯುತ್ತಾ ಕೊನೆಗೆ ಉಸಿರಾಟವನ್ನೇ ತಾಳ ಮಾಡಿಕೊಳ್ಳುವುದನ್ನು ಮಾತ್ರ ತಪ್ಪಿಸಬೇಡಿ.

ಕೊನೆಗೆ ಸ್ವಲ್ಪ ಹಳೆಯದು, 2017ರದ್ದು, ಆದರೆ ಬಿಡಲಾಗಲಿಲ್ಲ. ಮಿಸಿಸಿಪ್ಪಿಯ ಮೆರಿಡಿಯನ್ ಅನ್ನುವ ಸಣ್ಣ ಊರಿನ ಬಿಗ್ ಕ್ರಿಟ್. ‘ಫಾರೆವರ್ ಈಸ್ ಎ ಮೈಟಿ ಲಾಂಗ್ ಟೈಮ್’. ದೊಡ್ಡ ಕಂಪನಿ ಬಿಟ್ಟು ಬಂದು ಸ್ವಂತಕ್ಕೆ ಮಾಡಿದ ಡಬಲ್ ಆಲ್ಬಂ. ಮೊದಲ ಡಿಸ್ಕಿಗೆ ವೇದಿಕೆಯ ಹೆಸರು, ಎರಡನೆಯದಕ್ಕೆ ಮನೆಯ ಹೆಸರು ಜಸ್ಟಿನ್ ಸ್ಕಾಟ್. 22 ಹಾಡು, ನಿಜ ಹೇಳಬೇಕೆಂದರೆ ಐದಾರು ಕಡಿಮೆ ಮಾಡಬಹುದಿತ್ತು. ಅವನಿಗೆ ಕಾರಿನ ಡಿಕ್ಕಿಯಲ್ಲಿಡುವ ಸಬ್‌ವೂಫರ್ ಬಗ್ಗೆಯೇ ಹಾಡು ಬರೆಯುವ ಹುಚ್ಚು, ಇದರಲ್ಲಿರುವ ‘ಸಬೆನ್‌ಸ್ಟೈನ್’ ಆ ಸಾಲಿನಲ್ಲಿ ನಾಲ್ಕನೆಯದು. ನನ್ನ ಹತ್ತಿರ ಕಾರಿಲ್ಲ. ಒಂದು ಮುಷ್ಟಿ ಗಾತ್ರದ ಬ್ಲೂಟೂತ್ ಸ್ಪೀಕರ್ ಇದೆ. ಪೂರ್ತಿ ಸೌಂಡ್ ಇಟ್ಟು ಟೇಬಲ್ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬೇಸಿನ ಹೊಡೆತಕ್ಕೆ ಅದು ಇಂಚಿಂಚೇ ನಡೆದುಕೊಂಡು ಹೋಗಿ ಅಂಚಿನಿಂದ ಕೆಳಗೆ ಹಾರಿದೆ. ಹಾಡುವುದು ನಿಲ್ಲಿಸಿಲ್ಲ ಪುಣ್ಯಕ್ಕೆ, ಆದರೆ ಬೇಸ್ ಬಂದಾಗಲೆಲ್ಲ ಒಳಗೆ ಏನೋ ಬಿಡಿಯಾಗಿ ಗಡಗಡ ಅನ್ನುತ್ತದೆ. ಹೊಸದು ತಗೊಳ್ಳುವವರೆಗೆ ಎರಡನೇ ಡಿಸ್ಕ್ ಕೇಳಿಕೊಂಡಿದ್ದೇನೆ.